ಕರೆಂಟಿನ ಹೊಟ್ಟು

ನಮ್ಮ ಓಣಿಯಲ್ಲಿ ನನ್ನನ್ನು ಬಾಯಿಬಡಕಿ ಎನ್ನುತ್ತಾರೆ. ಎನ್ನಲಿ. ಬಾಯಿ ಇಲ್ಲದವರು ಈ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಒಬ್ಬನನ್ನು ನಾನೇ ಕಟ್ಟಿಕೊಂಡಿದ್ದೇನೆ. ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಅಡಿವೆಪ್ಪ. ಹಗ್ಗ ಹೊಸೆಯುವುದರಲ್ಲಿ ಅವನ ಕೈಗೆ ಸಮನಾದ ಕೈ ಈ ಊರಲ್ಲಿ ಇರಲಿಲ್ಲ. ‘ಇರಲಿಲ್ಲ’ ಎಂದು ಬರೆಯುವಾಗಲೇ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಅವನು ಇನ್ನೂ ಬದುಕಿದ್ದಾನೆ, ಕೈಗಳೂ ಗಟ್ಟಿಯಾಗಿಯೇ ಇವೆ.

ಊರಿನ ಹೆಸರು ಬೇಡ. ಬಸ್ಸಿನ ಬೋರ್ಡಿನ ಮೇಲೆಯೂ ಅದಿಲ್ಲ. ಕಂಡಕ್ಟರ್ “ಹಗ್ಗದ ಓಣಿ ಬಂತು, ಇಳೀರಿ” ಎಂದು ಕೂಗುತ್ತಾನೆ, ಅಷ್ಟೆ. ಓಣಿಯ ಎರಡೂ ಬದಿಗೆ ಉದ್ದುದ್ದ ತಗಡಿನ ಶೆಡ್ಡುಗಳು, ಶೆಡ್ಡಿಗೆ ಅಂಟಿಕೊಂಡೇ ಮನೆಗಳು. ಪುಂಡಿ ನಾರು, ಕತ್ತಾಳೆ ನಾರು, ಈಚೆಗೆ ನೈಲಾನು. ಸುತ್ತಲಿನ ಸೀಮೆಯಲ್ಲಿ ಬಾವಿಗಳು ಬಹಳ ಆಳ. ಬಾವಿಯ ಹೂಳು ತೆಗೆಯಲು ಇಳಿಯುವ ಜನ ಹಗ್ಗ ಕೊಳ್ಳಲು ಬಂದರೆ ಮೊದಲು ಅಡಿವೆಪ್ಪನ ಶೆಡ್ಡು ಯಾವುದು ಎಂದು ಕೇಳುತ್ತಿದ್ದರು. ಇಳಿಯುವವನ ಜೀವ ಹಗ್ಗದಲ್ಲಿರುತ್ತದೆ. ತನ್ನ ಜೀವವನ್ನು ಅವನು ಯಾರ್ಯಾರದೋ ಕೈಗೆ ಕೊಡುವುದಿಲ್ಲ. ನನ್ನ ಗಂಡನಿಗೆ ಇದ್ದ ಆಸ್ತಿ ಎಂದರೆ ಅದೊಂದೇ, ಜನ ಅವನ ಹಗ್ಗದ ಮೇಲೆ ಇಟ್ಟಿದ್ದ ನಂಬಿಕೆ.

ನಮ್ಮ ಓಣಿಯದೊಂದು ಪದ್ಧತಿ ಉಂಟು. ಹೊಸದು ಏನೇ ಬರಲಿ, ಮೊದಲು ಒಂದು ಮನೆಯವರು ಅದನ್ನು ಮಾಡಿ ನೋಡಬೇಕು. ಆ ಮನೆಗೆ ‘ಮೊದಲ ಮನೆ’ ಎನ್ನುತ್ತೇವೆ. ಉಳಿದವರು ಒಂದು ಹಂಗಾಮು ಸುಮ್ಮನೆ ನೋಡುತ್ತಾ ಕೂರುತ್ತಾರೆ. ಒಳ್ಳೆಯದಾದರೆ ಎಲ್ಲರೂ ಮಾಡುತ್ತಾರೆ, ಕೆಟ್ಟದಾದರೆ ಮೊದಲ ಮನೆಯವರ ನಷ್ಟವನ್ನು ಎಲ್ಲರೂ ಸೇರಿ ತುಂಬಿಕೊಡುತ್ತಾರೆ. ನೈಲಾನು ಬಂದಾಗ ಚೆನ್ನಮಲ್ಲಪ್ಪನದು ಮೊದಲ ಮನೆ, ಮೋಟರು ಬಂದಾಗಲೂ ಅವನದೇ. ಅವನು ಓಣಿಯ ಹಿರಿಯ, ಪಂಚೆಯ ಮೇಲೆ ಒಂದು ಸುಕ್ಕಿರದ ಮನುಷ್ಯ. ಡ್ರೈವ್ ಪೆಟ್ಟಿಗೆ ಬಂದದ್ದೂ ಮೊದಲು ಅವನ ಶೆಡ್ಡಿಗೇ. ಹಿಂದೆ ದಪ್ಪ ಹಗ್ಗಕ್ಕೊಂದು ಗಾಲಿ, ಸಣ್ಣ ಹುರಿಗೊಂದು ಗಾಲಿ ಎಂದು ಪಟ್ಟಿ ಬದಲಿಸಿ ಬದಲಿಸಿ ಬೆರಳು ಜಜ್ಜಿಕೊಳ್ಳುತ್ತಿದ್ದೆವು. ಡ್ರೈವ್ ಬಂದ ಮೇಲೆ ಗೋಡೆಯ ಮೇಲಿನ ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಸಾಕು, ಮೋಟರು ಹೇಳಿದ ಹಾಗೆ ನಿಧಾನವಾಗುತ್ತದೆ, ಜೋರಾಗುತ್ತದೆ. ಮರು ಹಂಗಾಮಿಗೆ ಇಡೀ ಓಣಿಯ ಗೋಡೆಗಳ ಮೇಲೆ ಡ್ರೈವ್ ಪೆಟ್ಟಿಗೆ.

ಅದರ ಹಿಂದೆಯೇ ಹೊಟ್ಟು ಬೀಳತೊಡಗಿತು.

ಬೋರ್ಡುಗಳಿಂದ, ಪ್ಲಗ್ಗಿನ ತೂತುಗಳಿಂದ, ಬಲ್ಬಿನ ಹೋಲ್ಡರಿನಿಂದ ಬೂದಿ ಬಣ್ಣದ ಹೊಟ್ಟು ಉದುರುತ್ತಿತ್ತು. ಬಡಗಿ ಉಜ್ಜುಗೊರಡು ಎಳೆದಾಗ ಬೀಳುವ ಸುರುಳಿಯ ಹಾಗೆ ಇರುತ್ತಿತ್ತು, ಆದರೆ ಉಗುರಿಗಿಂತ ಸಣ್ಣದು, ಮುಟ್ಟಿದರೆ ಬೆಚ್ಚಗೆ. ಅಂಗೈಯಲ್ಲಿ ಹಿಡಿದರೆ ಜೇನುಹುಳು ಹಿಡಿದಂತೆ ಗುಂಯ್ ಎನ್ನುತ್ತಿತ್ತು. ಮೊದಮೊದಲು ಹೆಂಗಸರು ಬೈದುಕೊಂಡು ಗುಡಿಸಿದರು. ಆಮೇಲೆ ಬೋರ್ಡಿನ ಕೆಳಗೆ ಬುಟ್ಟಿ ಇಡುವುದು ರೂಢಿಯಾಯಿತು. ರೊಟ್ಟಿ ಹಿಟ್ಟು ನಾದುವಾಗ ತಲೆಯ ಮೇಲಿನ ಬಲ್ಬು ಆರಿಸುವುದು ರೂಢಿಯಾಯಿತು. ಚಳಿಗಾಲದಲ್ಲಿ ಮುದುಕರು ಹೊಟ್ಟು ತುಂಬಿದ ಚೀಲದ ಮೇಲೆ ಕಾಲಿಟ್ಟುಕೊಂಡು ಕೂತರು. ಬಾಣಂತಿ ಕೋಣೆಗೂ ಒಂದು ಚೀಲ ಹೋಯಿತು. ಪಕ್ಕದ ಮನೆಯ ಸಾಂವಕ್ಕ ಅದನ್ನು ದಿಂಬಿಗೆ ತುಂಬಿದಳು. ಅವಳ ಗಂಡ ನಿದ್ದೆಯಲ್ಲಿ ಮಗ್ಗಲು ತಿರುಗುತ್ತಾ ತಿರುಗುತ್ತಾ ಹೊಸ್ತಿಲು ದಾಟಿ ಹೊರಗೆ ಹೋಗಿ ಮಲಗತೊಡಗಿದ ಮೇಲೆ ದಿಂಬು ತಿಪ್ಪೆಗೆ ಹೋಯಿತು. ಒಂದು ಮದುವೆಯಲ್ಲಿ ಸೀರಿಯಲ್ ಸೆಟ್ಟಿನಿಂದ ಉದುರಿ ಪಾಯಸದ ಕೊಪ್ಪರಿಗೆಗೇ ಬಿತ್ತು. ಬೀಗರು ಮಾತಾಡದೆ ಉಂಡು ಎದ್ದರು. ಮಾಡುವುದೇನು, ಮೋಟರು ನಿಲ್ಲಿಸಿದರೆ ಪಾಯಸವೇ ಇಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಟ್ಟಿನಲ್ಲಿ ಎರಡು ಜಾತಿ ಇತ್ತು. ಒಂದು ಬಲಕ್ಕೆ ಸುತ್ತಿಕೊಂಡದ್ದು, ಇನ್ನೊಂದು ಎಡಕ್ಕೆ. ಎಡಸುರುಳಿಯೇ ಹೆಚ್ಚು. ಅದು ನಾರಿನಲ್ಲಿ ಸೇರಿಕೊಂಡರೆ ಹಗ್ಗ ಹೊರಗೆ ನೋಡಲು ನೆಟ್ಟಗೇ ಇರುತ್ತಿತ್ತು, ಸ್ವಲ್ಪ ಕಾಲದ ಮೇಲೆ ಒಳಗಿಂದ ಹುರಿ ಬಿಚ್ಚಿಕೊಳ್ಳುತ್ತಿತ್ತು. ಭಾರ ಬಿದ್ದರಂತೂ ಬೇಗ. ಪೇಟೆಯಿಂದ ದೂರು ಬಂತು. ಆಗ ಓಣಿಗೆ ದಿಗಿಲಾಯಿತು.

ವಿದ್ಯುತ್ ಕಂಪನಿಯಿಂದ ತಬಸ್ಸುಮ್ ಎಂಬ ಇಂಜಿನಿಯರ್ ಬಂದಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಶೆಡ್ಡು ಶೆಡ್ಡಿಗೂ ಹೋಗಿ ಮೀಟರು ಹಚ್ಚಿ ನೋಡಿದಳು. ಕೊನೆಗೆ ಚೆನ್ನಮಲ್ಲಪ್ಪನ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಮಗೆ ತಿಳಿಯುವ ಹಾಗೆ ಹೇಳಿದಳು.

“ಕರೆಂಟು ಅಲೆ ಥರ ದುಂಡಗೆ ಏರಿ ಇಳಿದು ಬರುತ್ತೆ. ಮೊದಲು ನಿಮ್ಮ ಮೋಟರು ಅದನ್ನ ಬಂದ ಹಾಗೇ ಕುಡೀತಿತ್ತು. ಈ ಡ್ರೈವ್ ಹಾಗಲ್ಲ, ಅಲೆಯ ನೆತ್ತಿ ಬಂದಾಗ ಮಾತ್ರ ಬಾಯಿ ಹಾಕಿ ಗಬಕ್ಕನೆ ಕಚ್ಚುತ್ತೆ. ಕಚ್ಚಿದಾಗ ಉದುರೋ ಚೂರು ವಾಪಸ್ ಲೈನಿಗೆ ಹೋಗುತ್ತೆ. ಅದಕ್ಕೆ ನಾವು ಹಾರ್ಮೋನಿಕ್ಸ್ ಅಂತೀವಿ.”

“ನಾವು ಹೊಟ್ಟು ಅಂತೀವ್ರಿ,” ಎಂದೆ ನಾನು.

“ಹೊಟ್ಟು ಅನ್ನಿ, ಅದೇ ಸರಿ,” ಎಂದು ನಕ್ಕಳು. “ಎಡಸುರುಳಿದು ಇದೆಯಲ್ಲ, ಅದು ಐದನೇದು, ಅಂದರೆ ಅಲೆ ಒಂದು ಸಲ ಏರಿಳಿಯೋದರೊಳಗೆ ಐದು ಸಲ ಏರಿಳಿಯೋದು. ಮೋಟರನ್ನ ಹಿಂದಕ್ಕೆ ತಿರುಗಿಸೋಕೆ ನೋಡುತ್ತೆ. ಹಗ್ಗಕ್ಕೂ ಅದೇ ಮಾಡ್ತಿದೆ. ಬಲದ್ದು ಏಳನೇದು.”

“ಹಂಗಾರ ಔಷಧ ಏನ್ರೀ ಮೇಡಮ್ಮಾರ?” ಎಂದ ಚೆನ್ನಮಲ್ಲಪ್ಪ.

ಔಷಧ ಎರಡು. ಒಂದು ಚೋಕ್, ಕಬ್ಬಿಣಕ್ಕೆ ತಂತಿ ಸುತ್ತಿದ ಗಡ್ಡೆ. ಪ್ರತಿ ಮನೆಯವರೂ ತಮ್ಮ ತಮ್ಮ ಡ್ರೈವಿನ ಬಾಯಿಗೆ ಅದನ್ನು ಕಟ್ಟಬೇಕು. ಆಗ ಅದು ಗಬಕ್ಕನೆ ಕಚ್ಚದೆ ನಿಧಾನವಾಗಿ ಕುಡಿಯುತ್ತದೆ, ಹೊಟ್ಟು ಅರ್ಧಕ್ಕರ್ಧ ಹುಟ್ಟುವುದೇ ಇಲ್ಲ. ಹುಟ್ಟಿದ್ದನ್ನು ಹಿಡಿಯಲು ಇನ್ನೊಂದು, ಫಿಲ್ಟರ್, ಬೀರುವಿನಷ್ಟು ದೊಡ್ಡದು. ಅದು ಐದನೆಯದಕ್ಕೂ ಏಳನೆಯದಕ್ಕೂ ತನ್ನೊಳಗೆ ಸಲೀಸಾದ ದಾರಿ ಮಾಡಿಕೊಟ್ಟು ಎಳೆದುಕೊಳ್ಳುತ್ತದೆ.

“ಒಂದು ಮಾತು ನೆನಪಿಡಿ,” ಎಂದಳು. “ಫಿಲ್ಟರಿಗೆ ಇದು ಯಾರ ಮನೆ ಹೊಟ್ಟು ಅಂತ ಗುರುತು ಹಿಡಿಯೋಕೆ ಬರಲ್ಲ. ನೀವು ಯಾರೂ ಚೋಕ್ ಹಾಕದೆ ಒಂದು ಕಡೆ ಫಿಲ್ಟರ್ ಇಟ್ಟರೆ ಎಲ್ಲರದೂ ಅಲ್ಲಿಗೇ ನುಗ್ಗುತ್ತೆ. ಕಂಪನಿ ಒಂದು ಫಿಲ್ಟರ್ ಕೊಡುತ್ತೆ. ಚೋಕ್ ಮಾತ್ರ ನೀವೇ ಹಾಕಿಸಬೇಕು, ಎಲ್ಲರೂ, ಒಟ್ಟಿಗೆ.”

ಎಲ್ಲರೂ ತಲೆ ಆಡಿಸಿದರು. ತಲೆ ಆಡಿಸುವುದರಲ್ಲಿ ನಮ್ಮ ಓಣಿಯನ್ನು ಮೀರಿಸುವವರಿಲ್ಲ. ಅವಳ ಜೀಪು ತಿರುವಿನಲ್ಲಿ ಮರೆಯಾಗುವ ಮೊದಲೇ ಮಾತು ಪದ್ಧತಿಗೆ ಬಂತು. ಒಂದು ಮನೆ ಮೊದಲು ಮಾಡಲಿ, ಉಳಿದವರು ಒಂದು ಹಂಗಾಮು ನೋಡೋಣ. ಯಾರ ಮನೆ? ಚೆನ್ನಮಲ್ಲಪ್ಪ ಎದ್ದು ನಿಂತು ಹೇಳಿದ, “ಪ್ರತಿ ಸಲ ನಾನ ಮುಂದಾದ್ರ ಚಲೋ ಅಲ್ಲ. ಈ ಸಲ ಅಡಿವೆಪ್ಪನ ಮನಿ ಮೊದಲ ಮನಿ ಆಗ್ಲಿ. ಓಣ್ಯಾಗ ಅಂವಗಿಂತ ದೊಡ್ಡ ಕಸಬುದಾರ ಯಾರ ಅದಾರ?”

ನನ್ನ ಗಂಡ ಮನೆಗೆ ಬಂದಾಗ ಮದುಮಗನ ಮುಖ ಇತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ.

“ನಮ್ಮನಿ ಮೊದಲ ಮನಿ ಆತು,” ಎಂದ.

“ಆ ಹುಡುಗಿ ಏನ್ ಹೇಳಿ ಹೋದ್ಲು, ಕಿವ್ಯಾಗ ಬಿತ್ತೋ ಇಲ್ಲೋ? ಎಲ್ಲಾರದೂ ನಿನ್ನ ತಲಿ ಮ್ಯಾಲ ಬೀಳ್ತದ.”

“ಒಂದು ಹಂಗಾಮು. ಆಮ್ಯಾಲ ಎಲ್ಲಾರೂ ಹಾಕಸ್ತಾರ. ಪದ್ಧತಿ ಐತಿ.”

“ಪದ್ಧತಿ ಗಾಲಿಗೆ, ನೈಲಾನಿಗೆ. ಇದು ಬ್ಯಾರೆ.”

“ನಿನಗ ಎಲ್ಲಾದ್ರಾಗೂ ಕೊಂಕು,” ಎಂದು ಕೈ ತೊಳೆಯಲು ಹೋದ.

ನಮ್ಮ ಡ್ರೈವಿಗೆ ಚೋಕ್ ಕಟ್ಟಿಸಿದೆವು, ಫಿಲ್ಟರ್ ಬಂತು. ನಮ್ಮ ಶೆಡ್ಡಿನ ಮೂಲೆಯಲ್ಲಿ ನಿಂತಿತು. ಚೆನ್ನಮಲ್ಲಪ್ಪ ತೆಂಗಿನಕಾಯಿ ಒಡೆದ, ನನ್ನ ಗಂಡನ ಕೊರಳಿಗೆ ಹಾರ ಹಾಕಿದ. ಸ್ವಿಚ್ಚು ಒತ್ತಿದ್ದೇ ತಡ, ಓಣಿಯ ತುಂಬಾ ಹೊಟ್ಟು ನಿಂತುಹೋಯಿತು. ಹೆಂಗಸರು ಬೋರ್ಡಿನ ಕೆಳಗಿನ ಬುಟ್ಟಿ ತೆಗೆದು ಈರುಳ್ಳಿ ಹಾಕಿಟ್ಟರು. ಬಲ್ಬಿನ ಕೆಳಗೆ ಹಿಟ್ಟು ನಾದಿದರು. ಮುದುಕರಿಗೆ ಮಾತ್ರ ಕಾಲಿಗೆ ಚಳಿ.

ಅಷ್ಟೂ ಹೊಟ್ಟು ನಮ್ಮ ಶೆಡ್ಡಿಗೆ ಬಂತು. ಬೀರುವಿನ ಕೆಳಗಿನ ಕಿಂಡಿಯಿಂದ ಬೆಳಗಿನಿಂದ ಸಂಜೆಯವರೆಗೆ ಸುರಿಯುತ್ತಿತ್ತು, ಗಿರಣಿಯಿಂದ ಹಿಟ್ಟು ಸುರಿದ ಹಾಗೆ. ಬೀರು ಕೈ ಇಡಲಾರದಷ್ಟು ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದ. ನಾವಿಬ್ಬರೂ ಬುಟ್ಟಿಯಲ್ಲಿ ತುಂಬಿ ತುಂಬಿ ಹಳೆಯ ಕಲ್ಲಿನ ಕ್ವಾರಿಗೆ ಹೊತ್ತು ಹಾಕಿದೆವು. ನನ್ನ ನೆತ್ತಿಯ ಕೂದಲು ಎಡಕ್ಕೆ ಸುರುಳಿ ಸುತ್ತಿಕೊಂಡಿತು, ಎಣ್ಣೆ ಹಾಕಿದರೂ ಬಾಚಿದರೂ ನೆಟ್ಟಗಾಗಲಿಲ್ಲ. ಅದನ್ನು ನೋಡಿ ಸಾಂವಕ್ಕ, “ಫಕೀರವ್ವಾ, ಸಿನಿಮಾದಾಕಿ ಆದೆಲ್ಲ ನೀ!” ಎಂದು ಕೈಬಡಿದು ನಕ್ಕಳು. ನಿನ್ನ ಮನೆಯ ಹೊಟ್ಟೇ ನನ್ನ ತಲೆಯಲ್ಲಿರುವುದು ಎಂದೆ. ಅವಳ ನಗು ಅಲ್ಲಿಗೇ ನಿಂತಿತು, ಚೋಕ್ ಮಾತ್ರ ಬರಲಿಲ್ಲ.

ಹಂಗಾಮು ಮುಗಿಯಿತು. ಎಲ್ಲರೂ ನೋಡಿದರು. ನೋಡಿ ಏನು ಕಂಡರು? ತಮ್ಮ ಶೆಡ್ಡಿನಲ್ಲಿ ಹೊಟ್ಟಿಲ್ಲ, ತಮ್ಮ ಹಗ್ಗ ಬಿಚ್ಚುತ್ತಿಲ್ಲ. ಮೊದಲ ಮನೆಯವರು ಹಾಕಿದ್ದಕ್ಕೆ ತಮಗೇ ಒಳ್ಳೆಯದಾದ ಮೇಲೆ ತಾವು ಯಾಕೆ ಹಾಕಬೇಕು? ನಮ್ಮ ಹಿರಿಯರು ಪದ್ಧತಿ ಮಾಡುವಾಗ ಇಂಥದೊಂದು ಬರುತ್ತದೆ ಎಂದು ಎಣಿಸಿರಲಿಲ್ಲ. ಬಂದ ಮೇಲಾದರೂ ಇವರಿಗೆ ತಲೆ ಇರಬೇಕಿತ್ತು. ತಲೆ ಇತ್ತು. ಅದಕ್ಕೇ ಸುಮ್ಮನಿದ್ದರು.

ಆ ನಡುವೆ ಬಾವಿ ಇಳಿಯುವ ಹುಸೇನಸಾಬ ಒಂದು ಹಗ್ಗ ವಾಪಸ್ ತಂದ. ಅಡಿವೆಪ್ಪನ ಹಗ್ಗ. ನೆಲದ ಮೇಲೆ ಹರಡಿ ತೋರಿಸಿದ, ಅಲ್ಲಲ್ಲಿ ಹುರಿ ಸಡಿಲಾಗಿ ನಾರು ಜಡೆ ಬಿಚ್ಚಿದಂತೆ ನಿಂತಿತ್ತು. “ಮಾವಾ, ನಾ ಯಾರಿಗೂ ಹೇಳೂದಿಲ್ಲ. ಆದರ ನನ್ನ ಮಕ್ಕಳ ಸಣ್ಣವು ಅದಾವ,” ಎಂದು ಹಗ್ಗ ಅಲ್ಲೇ ಬಿಟ್ಟು ಎದ್ದುಹೋದ. ಅಡಿವೆಪ್ಪ ಆ ಹಗ್ಗದ ಮುಂದೆ ಕೂತವನು ಊಟಕ್ಕೂ ಏಳಲಿಲ್ಲ. ಅಂದಿನಿಂದ ಬಾವಿ ಹಗ್ಗ ಮಾರುವುದನ್ನು ನಿಲ್ಲಿಸಿದ. ಕೇಳಿದವರಿಗೆ ಬೆನ್ನು ನೋವು ಎನ್ನುತ್ತಿದ್ದ. ನಮ್ಮ ಗಿರಾಕಿಗಳು ಚೆನ್ನಮಲ್ಲಪ್ಪನ ಶೆಡ್ಡಿಗೆ ಹೋದರು. ಅವನ ಹಗ್ಗ ಈಗ ಬಹಳ ಚೆನ್ನಾಗಿ ಬರುತ್ತಿತ್ತು, ಬರದೆ ಏನು.

ನಾನು ಸುಮ್ಮನಿರಲಿಲ್ಲ. ಬಸ್ಸು ಹತ್ತಿ ಕಂಪನಿಯ ಆಫೀಸಿಗೆ ಹೋಗಿ ತಬಸ್ಸುಮ್ಮಳನ್ನು ಹುಡುಕಿ, “ಬಾ, ನಿನ್ನ ಔಷಧ ನೋಡ ಬಾ,” ಎಂದೆ. ಅವಳು ಬಂದಳು. ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಹೊಟ್ಟಿನ ಗುಡ್ಡೆ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮತ್ತೆ ಸಭೆ ಆಯಿತು. ಅದೇ ಶೆಡ್ಡು, ಅದೇ ಚಾಪೆ.

“ನಾನು ಮೊದಲೇ ಹೇಳಿದ್ದೆ,” ಎಂದಳು. “ಈ ಫಿಲ್ಟರ್ ತಡಕೊಳ್ಳೋದಕ್ಕಿಂತ ಜಾಸ್ತಿ ಎಳೀತಿದೆ. ಎಲ್ಲರೂ ಚೋಕ್ ಹಾಕಿಸಲೇಬೇಕು.”

“ಮೇಡಮ್ಮಾರ, ನಮಗೇನೂ ತ್ರಾಸಿಲ್ಲರಿ,” ಎಂದ ಚೆನ್ನಮಲ್ಲಪ್ಪ, ಬಹಳ ಮೆತ್ತಗೆ. “ಓಣ್ಯಾಗ ಯಾರಿಗರ ತ್ರಾಸ ಐತೇನಪಾ? ಇದ್ದಾವ್ರು ಹೇಳ್ರಿ.”

“ನನಗೈತಿ!” ಎಂದು ನಾನು ಎದ್ದೆ.

“ನೀ ಕೂಡು ತಂಗಿ. ಶೆಡ್ಡಿನ ಯಜಮಾನ ಇಲ್ಲೇ ಕುಂತಾನ,” ಎಂದ ಚೆನ್ನಮಲ್ಲಪ್ಪ.

ತಬಸ್ಸುಮ್ ನನ್ನ ಗಂಡನ ಕಡೆ ತಿರುಗಿದಳು. “ಅಡಿವೆಪ್ಪನವರೇ, ನೀವೇ ಹೇಳಿ. ನಿಮಗೆ ತೊಂದರೆ ಇದೆ ಅಂತ ಒಂದು ಮಾತು ಹೇಳಿದರೆ ಸಾಕು, ನಾನು ಇವರೆಲ್ಲರ ಲೈನೂ ನಿಲ್ಲಿಸಿ ಚೋಕ್ ಹಾಕಿಸ್ತೀನಿ. ಇದೆಯಾ?”

ಇಡೀ ಶೆಡ್ಡು ಅವನ ಮುಖ ನೋಡಿತು. ಕೊರಳಿಗೆ ಹಾರ ಹಾಕಿದವರು, ಬೆನ್ನು ತಟ್ಟಿದವರು, ಅಣ್ಣಾ ಕಾಕಾ ಎಂದವರು, ಎಲ್ಲರೂ. ಅವನು ಚಾಪೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತಾ ಕೂತಿದ್ದ.

“ಇಲ್ರಿ,” ಎಂದ.

ಏನೇನು ಬೈದೆನೋ ನೆನಪಿಲ್ಲ. ತಬಸ್ಸುಮ್ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. “ಅಮ್ಮಾ, ಅವರ ಹೆಸರಲ್ಲಿ ಮೀಟರಿದೆ. ಅವರೇ ಇಲ್ಲ ಅಂದಮೇಲೆ ನನ್ನ ಕೈ ಕಟ್ಟಿದ ಹಾಗೆ,” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೆಲಸ ಅವಳು ಮಾಡಿದ್ದಳು.

ಮನೆಗೆ ಬಂದ ಮೇಲೆ ಕೇಳಿದೆ, “ಯಾಕ ಇಲ್ಲ ಅಂದಿ?”

“ಎಲ್ಲಾರೂ ನನ್ನ ಮುಖಾನ ನೋಡಾಕತ್ತಿದ್ರು,” ಎಂದ.

ಅಷ್ಟೇ. ಬುಟ್ಟಿ ಎತ್ತಿಕೊಂಡು ಹೊಟ್ಟು ತುಂಬತೊಡಗಿದ. ಅವನ ಬೆನ್ನು ನೋಡುತ್ತಾ ನಿಂತಿದ್ದ ನನಗೆ ಇದ್ದಕ್ಕಿದ್ದಂತೆ ರೋಸಿಹೋಯಿತು. ಬೀರುವಿನ ಬಾಗಿಲು ತೆಗೆದು, ಸೀರೆಯ ಸೆರಗು ಕೈಗೆ ಸುತ್ತಿಕೊಂಡು, ಪಿಂಗಾಣಿಯ ಮೂರು ಫ್ಯೂಸುಗಳನ್ನು ಕಿತ್ತುಕೊಂಡು ಹೊರಗೆ ಓಡಿದೆ. ಓಣಿಯ ನಡುವಿನ ಬಾವಿಗೆ ಎಸೆದೆ. ಅಂಥವು ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ನನಗೆ ಗೊತ್ತಿತ್ತು.

ನಾನು ಬಾವಿಕಟ್ಟೆಯಿಂದ ಇಳಿಯುವುದರೊಳಗೆ ಶೆಡ್ಡು ಶೆಡ್ಡಿನಿಂದ ಕೂಗು. ಹೊಟ್ಟು ಮತ್ತೆ ಉದುರತೊಡಗಿತ್ತು, ಇಷ್ಟು ಕಾಲ ತಡೆದದ್ದೆಲ್ಲ ಒಮ್ಮೆಗೇ ಎಂಬಂತೆ. ಈರುಳ್ಳಿ ಬುಟ್ಟಿಗೆ ಬಿತ್ತು, ಹಿಟ್ಟಿಗೆ ಬಿತ್ತು, ಗಾಲಿಯ ಮೇಲೆ ಅರ್ಧ ಹೊಸೆದ ಹಗ್ಗಗಳಿಗೆ ಬಿತ್ತು. ಗಂಡಸರೆಲ್ಲ ಮೋಟರು ನಿಲ್ಲಿಸಿ ತಲೆ ಜಾಡಿಸಿಕೊಳ್ಳುತ್ತಾ ಬಾವಿಯ ಸುತ್ತ ಸೇರಿದರು.

“ಹುಚ್ಚ ಹಿಡದೈತೇನ ಇಕಿಗೆ? ಪೇಟಿಗೆ ಮಾಲ ಕೊಡೂದೈತಿ!” ಎಂದು ಒಬ್ಬ.

“ಈಗ ಗೊತ್ತಾತೇನ? ಇದು ನಿಮ್ಮ ನಿಮ್ಮ ಮನೀದು. ತಿನ್ರಿ!” ಎಂದೆ.

ಚೆನ್ನಮಲ್ಲಪ್ಪ ಬಾವಿಯೊಳಗೆ ಬಗ್ಗಿ ನೋಡಿದ. ಬೇಸಿಗೆ, ತಳದಲ್ಲಿ ಮಂಡಿಯುದ್ದ ನೀರು. ಯಾರಾದರೂ ಇಳಿದರೆ ಸಿಗುತ್ತವೆ. ಯಾರೋ ಅವನ ಶೆಡ್ಡಿನಿಂದ ಹಗ್ಗ ತರಲು ಹೊರಟರು. ಅಷ್ಟರಲ್ಲಿ ನನ್ನ ಗಂಡ ಜನರ ನಡುವೆ ದಾರಿ ಮಾಡಿಕೊಂಡು ಬಂದ.

“ನಾ ಇಳೀತೀನಿ. ನನ್ನ ಮನಿ ತಪ್ಪು,” ಎಂದ.

“ಇಳಿಯಪಾ,” ಎಂದ ಚೆನ್ನಮಲ್ಲಪ್ಪ. “ನೀ ಇಳಿಯಾಕ ಮತ್ತೊಬ್ರ ಹಗ್ಗ ಯಾಕ? ನಿನ್ನ ಹಗ್ಗದಂಥಾ ಹಗ್ಗ ಐತೇನ ಓಣ್ಯಾಗ? ಏ, ಅಡಿವೆಪ್ಪಣ್ಣನ ಶೆಡ್ಡಿನಾಗಿಂದ ತರ್ರಿ.”

ಮರ್ಯಾದೆಗೇ ಹೇಳಿದ್ದು. ನಾನು ನನ್ನ ಗಂಡನ ಮುಖ ನೋಡಿದೆ. ಈಗ ಬೇಡ ಎನ್ನಬೇಕು, ನನ್ನ ಹಗ್ಗ ಬಿಚ್ಚುತ್ತದೆ ಎನ್ನಬೇಕು, ಒಂದೇ ಮಾತು. ಸಭೆಯಲ್ಲಿ ತ್ರಾಸಿಲ್ಲ ಎಂದವನು ಇಲ್ಲಿ ಹೇಗೆ ಹೇಳುತ್ತಾನೆ? ತಂದ ಹಗ್ಗವನ್ನು ಕೈಗೆ ತೆಗೆದುಕೊಂಡು ಸೊಂಟಕ್ಕೆ ಬಿಗಿದ.

“ಬ್ಯಾಡ! ಆ ಹಗ್ಗ ಹುರಿ ಬಿಚ್ತದ!” ಎಂದು ನಾನು ಕಿರುಚಿದೆ.

“ಫ್ಯೂಜ್ ಒಗದಿದ್ದು ಸಾಲದಂತ ಗಂಡನ ಕಸಬಿಗೂ ಕಲ್ಲ ಒಗಿತಾಳಲ್ರೀ!” ಎಂದು ಯಾರೋ ನಕ್ಕರು.

ಅಡಿವೆಪ್ಪ ನನ್ನತ್ತ ನೋಡದೆ “ಸುಮ್ನಿರು” ಎಂದ. ಕಟ್ಟೆ ಹತ್ತಿ ಒಳಗೆ ಕಾಲು ಇಳಿಬಿಟ್ಟ.

ನಾಲ್ಕು ಗಂಡಸರು ಹಗ್ಗ ಹಿಡಿದು ಬಿಡುತ್ತಾ ಬಂದರು. ಅರ್ಧ ದಾರಿಗೆ ಹಗ್ಗ ನಿಧಾನವಾಗಿ ಎಡಕ್ಕೆ ತಿರುಗತೊಡಗಿತು. ಅದರ ಜೊತೆ ಅವನೂ ತಿರುಗಿದ. ಮೊದಲು ಮೆಲ್ಲಗೆ, ಆಮೇಲೆ ಬುಗುರಿಯ ಹಾಗೆ ಗಿರಗಿರನೆ. ಅವನ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಬೆನ್ನು, ಮತ್ತೆ ಮುಖ. ಮೇಲಿದ್ದವರಲ್ಲಿ ಕೆಲವರಿಗೆ ನಗು ಬಂತು. ಆಮೇಲೆ ಹುರಿಯೆಲ್ಲ ಬಿಟ್ಟು ಹಗ್ಗ ಬರೀ ನಾರಾಯಿತು, ನಾರು ಒಂದರಿಂದೊಂದು ಜಾರಿಕೊಂಡಿತು. ದೊಪ್ಪೆಂದು ಸದ್ದು ಬಂತು. ನಗು ನಿಂತಿತು. ನಾಲ್ಕು ಜನ ಗಂಡಸರ ಕೈಯಲ್ಲಿ ಕುದುರೆಯ ಬಾಲದಂತೆ ಬಿಡಿಬಿಡಿಯಾದ ನಾರು ಇತ್ತು.

ಬದುಕಿದ್ದ. ಅಷ್ಟರಲ್ಲಿ ತಳ ಹತ್ತಿರವಾಗಿತ್ತು, ಕೆಳಗೆ ಕೆಸರಿತ್ತು. ಪಾದ ಉಳುಕಿತ್ತು, ಅಷ್ಟೆ. ಚೆನ್ನಮಲ್ಲಪ್ಪನ ಹಗ್ಗ ಬಿಟ್ಟು ಅವನನ್ನು ಮೇಲೆತ್ತಿದರು. ಆ ಹಗ್ಗ ಒಂದು ಸುತ್ತೂ ತಿರುಗಲಿಲ್ಲ. ಅವನು ಕಟ್ಟೆಯ ಮೇಲೆ ಕೂತ, ಮೈಯಿಂದ ನೀರು ಇಳಿಯುತ್ತಿತ್ತು. ಮೂರೂ ಫ್ಯೂಸು ಎದೆಗೆ ಅವಚಿಕೊಂಡಿದ್ದ.

ಈಗ ಎಲ್ಲರಿಗೂ ಗೊತ್ತಾಗಿತ್ತು. ಯಾರಿಗೂ ಯಾವುದನ್ನೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಅವರೆಲ್ಲ ಹಗ್ಗದವರೇ. ಕೈಯಲ್ಲಿದ್ದ ನಾರನ್ನು ನೋಡಿದರು, ಅದರಲ್ಲಿ ಸಿಕ್ಕಿಕೊಂಡಿದ್ದ ಎಡಸುರುಳಿಗಳನ್ನು ನೋಡಿದರು. ಯಾರಾದರೂ ಈಗ ಮಾತಾಡುತ್ತಾರೆ ಎಂದು ನಾನು ಕಾದೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಜೀವನದಲ್ಲಿ ಅದೊಂದೇ ಸಲ. ಸಾಂವಕ್ಕ ತನ್ನ ಮನೆಯ ಕಡೆ ನೋಡಿದಳು, ಒಲೆಯ ಮೇಲೆ ಪಲ್ಯ ಇತ್ತು. ಒಬ್ಬ ಹೆಗಲ ಮೇಲಿನ ಹೊಟ್ಟು ಕೊಡವಿಕೊಂಡ. ಇನ್ನೊಬ್ಬ ಪೇಟೆಯ ಲಾರಿ ಬರುವ ಹೊತ್ತಾಯಿತು ಎಂದ. ಚೆನ್ನಮಲ್ಲಪ್ಪ ಬಂದು ನನ್ನ ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಕೈ ಬಿಡಿಸಿ ಫ್ಯೂಸುಗಳನ್ನು ಒಂದೊಂದಾಗಿ ತೆಗೆದುಕೊಂಡು ತನ್ನ ಪಂಚೆಯ ಅಂಚಿನಿಂದ ಒರೆಸಿದ. ಬಹಳ ಜತನದಿಂದ ಒರೆಸಿದ, ಪಂಚೆ ಕೆಸರಾಯಿತು. ಆಮೇಲೆ ಎದ್ದು ನಮ್ಮ ಶೆಡ್ಡಿಗೆ ನಡೆದ. ಸ್ವಲ್ಪ ಹೊತ್ತಿಗೆ ಫ್ಯೂಸುಗಳು ಬೀರುವಿನಲ್ಲಿ ತಮ್ಮ ಜಾಗ ಸೇರಿದವು. ಮೋಟರುಗಳು ಶುರುವಾದವು, ಓಣಿಯಲ್ಲಿ ಹೊಟ್ಟು ಬೀಳಲಿಲ್ಲ.

ಅಡಿವೆಪ್ಪ ಆಮೇಲೆ ಹಗ್ಗ ಹೊಸೆದಿಲ್ಲ. ಹೊಟ್ಟು ಹೊರುತ್ತಾನೆ. ಕುಂಟುತ್ತಾ ಕ್ವಾರಿಗೆ ಹೋಗುವಾಗ ದಾರಿಯಲ್ಲಿ ಎಲ್ಲರೂ ಅವನಿಗೆ ನಮಸ್ಕಾರ ಹೇಳುತ್ತಾರೆ, ಮೊದಲಿಗಿಂತ ಹೆಚ್ಚು ಬಗ್ಗಿ ಹೇಳುತ್ತಾರೆ. ಅವನೂ ಬುಟ್ಟಿ ಸರಿಮಾಡಿಕೊಂಡು ನಮಸ್ಕಾರ ಎನ್ನುತ್ತಾನೆ. ನಾನು ಯಾರಿಗೂ ನಮಸ್ಕಾರ ಹೇಳುವುದಿಲ್ಲ.

ಮರುವಾರ ಚೆನ್ನಮಲ್ಲಪ್ಪ ನಮ್ಮ ಮನೆಗೆ ಒಂದು ಸಿಂಬೆ ಹಗ್ಗ ಕಳಿಸಿಕೊಟ್ಟ. ಯಾಕೆ ಎಂದು ಹೇಳಿ ಕಳಿಸಿರಲಿಲ್ಲ. ಒಳ್ಳೆಯ ಹಗ್ಗ. ಹುರಿ ಗಟ್ಟಿ, ಎಳೆ ಸಮ, ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಬಿಸಾಡೋಣ ಎಂದು ಕೈಗೆತ್ತಿಕೊಂಡಿದ್ದೆ. ನನ್ನ ಗಂಡ ಬಂದು ಅದರ ಒಂದು ತುದಿ ಹಿಡಿದು, ಕಣ್ಣು ಮುಚ್ಚಿ, ಬೆರಳಲ್ಲಿ ಹುರಿ ಸವರಿ ನೋಡಿದ.

“ಚಲೋ ಬಂದೈತಿ,” ಎಂದ.

ಬಟ್ಟೆ ಒಣಗಿಸಲು ಕಟ್ಟಿದ್ದೇನೆ.